ನನ್ನ ಮಾಳಿಗೆಯ ಬಿಸಿಲು

ನಮ್ಮೂರ ಜೈಲಿನ ಗೋಡೆಯ ನೆರಳಿಗೆ ಸೂರ್ಯನ ಭಯವಿಲ್ಲ. ಮಿಕ್ಕ ನೆರಳುಗಳೆಲ್ಲ ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ಹೇಳಿದಂತೆ ಕೇಳಿಕೊಂಡು ಹೊರಳುತ್ತವೆ. ಇದು ಮಾತ್ರ ಒಳಗೆ ಯಾರು ಹೋದರೋ ಅವರ ಮನೆ ಹುಡುಕಿಕೊಂಡು ಬರುತ್ತದೆ. ಗುಡ್ಡ ಇಳಿದು, ಹಳ್ಳ ದಾಟಿ, ಬಜಾರದ ನಡುವೆ ಹಾದು, ಓಣಿಯ ಬಾಯಲ್ಲಿ ಒಂದು ಗಳಿಗೆ ನಿಂತು ಎಡಬಲ ನೋಡಿ, ಸರಿಯಾಗಿ ಅದೇ ಮನೆಯ ಮೇಲೆ ಕೂತುಬಿಡುತ್ತದೆ. ತೀರ್ಪು ಬರುವ ತನಕವೂ ಕಾಯುವುದಿಲ್ಲ. ಜೈಲಿನ ಬಾಗಿಲು ಹಾಕಿದರೆ ಸಾಕು, ಹೊರಟಿತು. ಅಂಚೆಯವನು ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹಾಕಿದ್ದುಂಟು, ನೆರಳು ಒಮ್ಮೆಯೂ ಮನೆ ತಪ್ಪಿಲ್ಲ. ಒಳಗೆ ಹೋದವನು ಹೊರಗೆ ಬರುವವರೆಗೆ ಅದು ಏಳುವುದೂ ಇಲ್ಲ. ನನ್ನ ಅತ್ತೆಯೂ ಹೀಗೆ ಬಂದು ಕೂತವಳೇ, ಆದರೆ ಆಕೆ ಹಬ್ಬಕ್ಕಾದರೂ ತವರಿಗೆ ಎದ್ದು ಹೋಗುತ್ತಿದ್ದಳು.

ನಮ್ಮ ಹಗ್ಗದ ಓಣಿಯಲ್ಲಿ ಐವತ್ತಮೂರು ಮನೆ. ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟು ನಿಂತ ಮನೆಗಳು, ನಡುವಿನದೊಂದು ಬಿದ್ದರೆ ಎಲ್ಲವೂ ಬಿದ್ದಾವು. ನಾನು ಮದುವೆಯಾಗಿ ಬಂದಾಗ ಮೂರು ಮನೆಯ ಮೇಲೆ ನೆರಳಿತ್ತು. ಈಗ ಐವತ್ತೆರಡರ ಮೇಲಿದೆ. ಒಂದು ಬಟ್ಟೆ ಒಣಗಲು ನಮ್ಮಲ್ಲಿ ಈ ಶ್ರಾವಣದಿಂದ ಆ ಶ್ರಾವಣ ಬೇಕು. ಪಕ್ಕದ ಮನೆಯ ಗೌಸಬಿಯ ಮಗನ ಅಂಗಿಯ ಕಾಲರಿನಲ್ಲಿ ಅಣಬೆ ಎದ್ದು, ಅದನ್ನೇ ಪಲ್ಯ ಮಾಡಿ ಮೂರು ದಿನ ಉಂಡರು ಎಂದು ನಾನು ಹೇಳುತ್ತೇನೆ. ಆಕೆ ಒಂದೇ ದಿನ ಅನ್ನುತ್ತಾಳೆ.

ನಗುವ ಮಾತಲ್ಲ ಇದು. ಒಣಗದ ಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದಲ್ಲ, ಆ ವಾಸನೆಯೇ ನಮ್ಮ ಓಣಿಯ ವಿಳಾಸ. ಶಾಲೆಯಲ್ಲಿ ಮಾಸ್ತರರು ಮೂಗು ಮುರಿದು ನಮ್ಮ ಮಕ್ಕಳನ್ನು ಹಿಂದಿನ ಸಾಲಿಗೆ ಕಳಿಸುತ್ತಾರೆ. ಹಿಂದಿನ ಸಾಲಿಗೆ ಹಲಗೆ ಕಾಣುವುದಿಲ್ಲ. ಹಲಗೆ ಕಾಣದ ಹುಡುಗ ದೊಡ್ಡವನಾಗಿ ಬಜಾರದಲ್ಲಿ ಕೆಲಸ ಕೇಳಲು ಹೋದರೆ, ಅಂಗಡಿಯವರು ಅವನ ಮುಖ ನೋಡುವ ಮೊದಲೇ ಅಂಗಿ ಮೂಸುತ್ತಾರೆ. ಬಜಾರದಲ್ಲಿ ಏನಾದರೂ ಕಳುವಾದರೆ ಪೊಲೀಸರಿಗೂ ನಾಯಿ ಬೇಕಿಲ್ಲ, ಅವರ ಮೂಗೇ ಸಾಕು. ಅದೇ ವಾಸನೆ ಹಿಡಿದು ನಮ್ಮ ಓಣಿಗೆ ಬರುತ್ತಾರೆ, ಒಬ್ಬನನ್ನು ಎತ್ತಿಕೊಂಡು ಹೋಗುತ್ತಾರೆ, ಇನ್ನೊಂದು ಮನೆಯ ಮೇಲೆ ನೆರಳು ಬಂದು ಕೂರುತ್ತದೆ, ಇನ್ನೊಂದು ಮನೆಯ ಬಟ್ಟೆ ಒಣಗುವುದಿಲ್ಲ. ಗಾಣದ ಎತ್ತಾದರೂ ಎಣ್ಣೆ ಬಂದ ಮೇಲೆ ನಿಲ್ಲುತ್ತದೆ.

ಬಿಸಿಲಿಗೆಂದು ಬಜಾರಕ್ಕೆ ಹೋಗಿ ಕೂರಬಾರದೇ ಎಂದು ನೀವು ಕೇಳುತ್ತೀರಿ. ಕೂತು ನೋಡಿ. ನೆರಳಿನ ಮಂದಿ ಕೂತ ಕಟ್ಟೆಗೆ ನೆರಳು ಅಂಟುತ್ತದೆ ಎಂದು ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಎರಚುತ್ತಾರೆ.

ಐವತ್ತಮೂರರಲ್ಲಿ ನೆರಳಿಲ್ಲದ ಒಂದೇ ಮನೆ ನನ್ನದು. ನಾನು ಪುಣ್ಯ ಮಾಡಿದವಳೆಂದಲ್ಲ. ನನ್ನ ಗಂಡ ಸತ್ತು ಮೂವತ್ತು ವರ್ಷವಾಯಿತು, ಗಂಡುಮಕ್ಕಳು ಹುಟ್ಟಲಿಲ್ಲ. ಗಂಡಸೇ ಇಲ್ಲದ ಮನೆಗೆ ಪೊಲೀಸರು ಬಂದು ಯಾರನ್ನು ಹಿಡಿಯಬೇಕು, ಒರಳುಕಲ್ಲನ್ನೇ? ವಿಧವೆಯಾದದ್ದಕ್ಕೆ ನನಗೆ ದೇವರು ಕೊಟ್ಟ ಬಳುವಳಿ ಎಂದರೆ ನನ್ನ ಮಾಳಿಗೆಯ ಬಿಸಿಲು. ಹಪ್ಪಳ ಮಾಡಿ ಬದುಕುವವಳಿಗೆ ಇನ್ನೇನು ಬೇಕು. ಆದರೆ ಇಡೀ ಓಣಿಗೆ ಬಿಸಿಲಿಲ್ಲದಾಗ ಒಬ್ಬಳೇ ಕಾಯಿಸಿಕೊಂಡು ಕೂರಲು ನಾನೇನು ಸಾವುಕಾರ್ತಿಯೇ? ನನ್ನ ಏಣಿ ಗೋಡೆಗೆ ಆನಿಸಿಯೇ ಇರುತ್ತದೆ. ಎಳೆಬಿಸಿಲು ಕೂಸುಗಳಿಗೆ. ಎಣ್ಣೆ ಹಚ್ಚಿ ಸಾಲಾಗಿ ಮಲಗಿಸುತ್ತಾರೆ, ನೋಡಲು ಎಣ್ಣೆ ಬದನೆಕಾಯಿಯಂತೆ ಮಿರುಗುತ್ತವೆ. ಬಿಸಿಲು ಏರಿದ ಮೇಲೆ ನನ್ನ ಹಪ್ಪಳ, ಅವರಿವರ ಮೆಣಸಿನಕಾಯಿ, ಸಂಡಿಗೆ. ನಡುಹೊತ್ತು ಬಟ್ಟೆ. ಇಳಿಹೊತ್ತಿನಲ್ಲಿ ಮುದುಕರು ಏಣಿ ಹತ್ತಿ ಬಂದು ಮೊಣಕಾಲು ಚಾಚಿಕೊಂಡು ಕೂರುತ್ತಾರೆ. ನಾನು ನಡುವೆ ಕೂತು ಎಲ್ಲರನ್ನೂ ಆಡಿಕೊಳ್ಳುತ್ತೇನೆ. ಬಿಸಿಲಿಗೆ ನಾನು ಕೇಳುವ ಬಾಡಿಗೆ ಅಷ್ಟೇ, ನನ್ನ ಮಾತು ಕೇಳಬೇಕು.

ಆ ಮಾತಿನ ದೆಸೆಯಿಂದಲೇ ಯಮನೂರ ಒಳಗೆ ಹೋದ.

ಯಮನೂರ ನಮ್ಮ ಓಣಿಯ ಕೊನೆಯ ಮನೆಯವನು, ಕಾಳಿನ ಬಜಾರದಲ್ಲಿ ಹಮಾಲಿ ಮಾಡುವವನು. ನೆರಳಿಲ್ಲದ ಮನೆ ಆಗ ಎರಡಿದ್ದವು, ನನ್ನದೊಂದು, ಅವನದೊಂದು. ಅವನ ಹೆಂಡತಿ ಪಾರವ್ವ ಚೊಚ್ಚಲ ಬಸುರಿ. ಹಮಾಲರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿಸಿ ಗೋದಾಮಿನ ನೆಲ ಗುಡಿಸಿದಾಗ ಚೀಲದಿಂದ ಉದುರಿದ ಕಾಳು ಗುಡಿಸಿದವನಿಗೆ ಸೇರಿದ್ದು. ಅವನ ಅಪ್ಪನೂ ತಂದ, ಅಜ್ಜನೂ ತಂದ. ಒಂದು ದಿನ ಮುಂಜಾನೆ ಯಮನೂರ ಹಾಗೇ ಗುಡಿಸಿದ ತೊಗರಿಯನ್ನು ಟವೆಲಿನಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಬಂದ. ನಾನು ಮಾಳಿಗೆಯ ಮೇಲಿದ್ದೆ, ಕಂಡೆ. ಅವನೂ ಗಂಟು ತೆಗೆದು ತೋರಿಸಿ, "ಆಯಿ, ನಿನ್ನ ಸೊಸಿಗೆ ಹೋಳಿಗಿ ತಿನ್ನೂ ಆಸೆ ಆಗೇತಿ" ಎಂದು ನಕ್ಕು ಹೋದ.

ಅದೇ ಹೊತ್ತಿಗೆ ಬಜಾರದಲ್ಲಿ ಗದ್ದಲ ಎದ್ದದ್ದು ನನಗೆ ಗೊತ್ತಿರಲಿಲ್ಲ. ಯಮನೂರ ಕೆಲಸ ಮಾಡುವ ಸಾವುಕಾರರ ಗೋದಾಮಿನಿಂದ ಇಪ್ಪತ್ತು ಚೀಲ ತೊಗರಿ ಕಾಣೆಯಾಗಿತ್ತು. ಹೊತ್ತೇರಿದ ಮೇಲೆ ಹವಾಲ್ದಾರ ಬಾಳಪ್ಪ ಬಂದ. ಅವನು ಬರುವುದೇನೂ ಹೊಸದಲ್ಲ, ಹೆಂಡತಿಗೆ ನನ್ನ ಹಪ್ಪಳವೇ ಆಗಬೇಕು.

"ಏನಬೇ ಫಕ್ಕೀರವ್ವ, ಹಪ್ಪಳ ಒಣಗ್ಯಾವೇನ? ನಮ್ಮ ಮನ್ಯಾಕಿ ಜೀವಾ ತಿನ್ನಾಕತ್ತಾಳ."

"ನಿಮ್ಮ ಜೀವಾ ತಿಂದ ಮ್ಯಾಲ ಹಪ್ಪಳ ಯಾಕ ಬೇಕ್ರಿ ಆಕಿಗೆ, ಹೊಟ್ಟಿ ತುಂಬಿರತೈತಿ" ಎಂದೆ.

ಅವನು ನಕ್ಕ. ಏಣಿಯ ಬುಡದಲ್ಲಿ ಕೂತು ಟೋಪಿ ತೆಗೆದು ಗಾಳಿ ಹಾಕಿಕೊಂಡ. "ಆ ಹಮಾಲ ಯಮನೂರ ಮನಿಗೆ ಬಂದಾನೇನ?"

"ಬರದ ಏನ್ರಿ, ಬಸುರಿ ಹೆಂಡ್ತಿ ಅದಾಳ. ಮುಂಜಾನೆ ಇಡೀ ಗೋದಾಮ ತೆಲಿಮ್ಯಾಲ ಹೊತಗೊಂಡ ಬಂದಾನ. ಆ ಭಾರಕ್ಕ ಓಣಿ ನೆಲಾ ಗೇಣುದ್ದ ಕುಸದೈತಿ, ಬೇಕಾದ್ರ ಅಳದ ನೋಡ್ರಿ."

"ಗೋದಾಮ ಅಂದ್ರ ಹೆಂಗ? ಹತ್ತ ಚೀಲ? ಇಪ್ಪತ್ತ?"

"ಇಪ್ಪತ್ತ್ಯಾಕ್ರಿ, ಇನ್ನೂರ ಬರಕೊಳ್ರಿ. ನಮ್ಮ ಓಣಿ ಗಂಡ್ಮಕ್ಕಳ ರಟ್ಟಿಗೆ ಏನ ಕಡಿಮಿ?"

ಅವನು ಕಿಸೆಯಿಂದ ಕಾಗದ ತೆಗೆದು ಬರೆಯತೊಡಗಿದ. ನನಗೂ ಹುರುಪು ಬಂತು. ನನ್ನ ಮಾತನ್ನು ಯಾರಾದರೂ ಬರೆದುಕೊಂಡಿದ್ದಾರೆಯೇ ಈ ಅರವತ್ತೆಂಟು ವರ್ಷದಲ್ಲಿ? ಹತ್ತಿದ್ದು, ಇಳಿದಿದ್ದು, ತಲೆಯ ಮೇಲೊಂದು ಹೆಗಲ ಮೇಲೊಂದು, ಎಲ್ಲ ಹೇಳಿದೆ. ಬಾಳಪ್ಪ ನನ್ನಷ್ಟು ಬಾಯಿಬಡುಕನಲ್ಲ. ಇನ್ನೂರು ಬಿಟ್ಟು ಇಪ್ಪತ್ತೇ ಬರೆದ. ಬರೆದು ಕೆಳಗೆ ಸಹಿ ಮಾಡು ಎಂದ. ಹೆಬ್ಬೆಟ್ಟು ಒತ್ತಲೇ ಎಂದು ಕೇಳಲಿಲ್ಲ ನಾನು. ದೊಡ್ಡವರ ಸಂಜೆಶಾಲೆಗೆ ಮೂರು ತಿಂಗಳು ಹೋಗಿ ಕಲಿತಿದ್ದ ನನ್ನ ಹೆಸರನ್ನು, ಒತ್ತಕ್ಷರ ಸಮೇತ, ನಾಲಿಗೆ ಹೊರಚಾಚಿಕೊಂಡು ತಿದ್ದಿ ತಿದ್ದಿ ಬರೆದೆ. ಹವಾಲ್ದಾರ "ಭೇಷ್" ಎಂದ. ಹಪ್ಪಳದ ಕಟ್ಟನ್ನೂ ಕಂಕುಳಿಗೆ ಇರುಕಿಕೊಂಡು ಹೋದ.

ಸಂಜೆಗೆ ಯಮನೂರನನ್ನು ಎಳೆದೊಯ್ದರು. ಮರುದಿನ ನಾವು ಮಾಳಿಗೆಯಲ್ಲಿ ಕೂಸುಗಳಿಗೆ ಎಣ್ಣೆ ಹಚ್ಚುತ್ತಿದ್ದಾಗಲೇ ನೆರಳು ಬಂತು. ಓಣಿಯ ಬಾಯಲ್ಲಿ ನಿಂತಿತು. ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ನನ್ನ ಮನೆಯ ಮುಂದೆ ಹಾದು, ನನ್ನ ಹೊಸಿಲನ್ನು ಕೂಡ ತುಳಿಯದೆ, ಓಣಿಯ ಕೊನೆಗೆ ಹೋಗಿ ಪಾರವ್ವನ ಮನೆಯ ಮೇಲೆ ಏರಿ ಕೂತಿತು. ಆಕೆ ಅಂಗಳದಲ್ಲಿ ನೆನೆಹಾಕಿದ ತೊಗರಿಯ ಮುಂದೆ ಕೂತಿದ್ದವಳು, ಹೊಟ್ಟೆ ಹಿಡಿದುಕೊಂಡು ಎದ್ದು ಬಾಗಿಲು ಹಾಕಿಕೊಂಡಳು.

ಆ ವಾರವೇ ಸಾವುಕಾರರ ತಮ್ಮನ ಮಗನನ್ನೂ ಹಿಡಿದಿದ್ದರು ಎಂದು ಆಮೇಲೆ ಗೊತ್ತಾಯಿತು. ಇಪ್ಪತ್ತು ಚೀಲ ಮಾರಿದವನು ಅವನೇ ಎಂದು ಬಜಾರದ ಗೂಡಂಗಡಿಯವರೆಲ್ಲ ಹೇಳುತ್ತಾರೆ, ಲಾರಿ ಕಂಡವರೂ ಇದ್ದಾರೆ. ಮುಂಜಾನೆ ಒಳಗೆ ಹೋದ. ನೆರಳು ಪಾಪ, ತನ್ನ ಕೆಲಸ ತಾನು ಮಾಡಬೇಕಲ್ಲ, ಅವನ ಬಂಗಲೆಯತ್ತ ಹೊರಟು ಬಜಾರದ ಮೂಲೆಯವರೆಗೆ ಬಂದಿತ್ತಂತೆ. ಅಷ್ಟರಲ್ಲಿ ಇಬ್ಬರು ವಕೀಲರು ಓಡಿಹೋಗಿ ಜಾಮೀನು ತಂದರು. ನೆರಳು ಅಲ್ಲೇ ನಿಂತು ಒಂದು ಕಪ್ಪು ಚಹಾ ಕುಡಿದು ಹೊಳ್ಳಿ ಹೋಯಿತು ಎಂದು ನಾನು ಎಲ್ಲರಿಗೂ ಹೇಳಿ ನಗಿಸಿದೆ. ಅವನ ಮಾಳಿಗೆಯ ಮೇಲೆ ಕೂತಿದ್ದ ಪಾರಿವಾಳಕ್ಕೂ ತಂಪು ತಟ್ಟಲಿಲ್ಲ. ಯಮನೂರನಿಗೆ ಜಾಮೀನಿಲ್ಲ. ಯಾಕೆಂದರೆ ಅವನ ಮೇಲೆ ಕಣ್ಣಾರೆ ಕಂಡ ಸಾಕ್ಷಿಯಿದೆ.

ಆ ಸಾಕ್ಷಿ ಯಾರೆಂದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಯಮನೂರನಿಗೆ ಸರಕಾರ ಕೊಟ್ಟ ವಕೀಲಬಾಯಿ ಓಣಿಗೆ ಬಂದಳು. ಎಳೆ ಹುಡುಗಿ, ಕಂಕುಳಲ್ಲಿ ಇಂಥವೇ ಅರವತ್ತು ಕೇಸಿನ ಕಡತ. ಪಾರವ್ವನ ಅಂಗಳದಲ್ಲಿ ನಿಂತು ಕಾಗದ ಓದಿದಳು. "ಸದರಿ ಸಾಕ್ಷಿಯು ತನ್ನ ಮಾಳಿಗೆಯ ಮೇಲಿದ್ದಾಗ, ಸದರಿ ಆರೋಪಿಯು ಇಪ್ಪತ್ತು ಚೀಲಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದದ್ದನ್ನು..." ನನ್ನ ಹೆಸರಿನ ಒತ್ತಕ್ಷರ ಅಲ್ಲಿ ಕೆಳಗೆ ಸೊಟ್ಟಗೆ ನಿಂತಿತ್ತು. ಓಣಿಗೆ ಓಣಿಯೇ ನನ್ನನ್ನು ನೋಡಿತು.

ಪಾರವ್ವ ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಗುಳದಲ್ಲಿ ನನ್ನನ್ನು ಗೆದ್ದವರಿಲ್ಲ. "ನಿನ್ನ ನಾಲಿಗಿ ನಿನಗ ಆಟ ಬೇ ಆಯಿ" ಎಂದಳು ಮೆಲ್ಲಗೆ. "ಆ ಆಟ ನನ್ನ ಮನಿಮ್ಯಾಲ ಬಂದ ಕುಂತೈತಿ ನೋಡ."

ಹೆಣ್ಣುಕೂಸು ಹುಟ್ಟಿತು. ಓಣಿಯ ಕೂಸುಗಳೆಲ್ಲ ನನ್ನ ಮಾಳಿಗೆಗೆ ಬಂದವು, ಪಾರವ್ವನ ಕೂಸು ಬರಲಿಲ್ಲ. ಹೋಗಿ ಕರೆದೆ. "ನಿನ್ನ ಬಿಸಿಲ ಬ್ಯಾಡ ನಮಗ" ಎಂದು ಬಾಗಿಲ ಮರೆಯಿಂದಲೇ ಹೇಳಿದಳು. ಗೌಸಬಿಯ ಕೈಯಲ್ಲಿ ಎತ್ತಿ ತರಿಸಲು ನೋಡಿದೆ, ಕೊಡಲಿಲ್ಲ. ಹತ್ತು ತಿಂಗಳಾದರೂ ಆ ಕೂಸಿನ ಕಾಲು ಬಲಿಯಲಿಲ್ಲ. ನಿಲ್ಲಿಸಿದರೆ ನೆನೆದ ಶಾವಿಗೆಯಂತೆ ಬಾಗುತ್ತಿತ್ತು. ಆಸ್ಪತ್ರೆಯವರು ಇದಕ್ಕೆ ಬಿಸಿಲು ಕಾಣಿಸಿ ಎಂದು ಚೀಟಿಯಲ್ಲಿ ಬರೆದುಕೊಟ್ಟರಂತೆ. ಚೀಟಿ ಹಿಡಿದು ಪಾರವ್ವ ಬಜಾರದ ಕಟ್ಟೆಯ ಮೇಲೆ ಕೂಸನ್ನಿಟ್ಟುಕೊಂಡು ಕೂತಳು. ಅಂಗಡಿಯವರು ಚೀಟಿ ಓದಲಿಲ್ಲ, ನೀರು ಎರಚಿದರು. ಒದ್ದೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮನೆಯ ಮುಂದೆಯೇ ಹಾದುಹೋದಳು. ನನ್ನ ಏಣಿಯ ಕಡೆ ತಿರುಗಿಯೂ ನೋಡಲಿಲ್ಲ. ಈ ಮಾತಿನಲ್ಲಿ ಒಂದು ಸಾಸಿವೆಯಷ್ಟೂ ಹೆಚ್ಚಿಲ್ಲ.

ಅಂತೂ ವರ್ಷಕ್ಕೆ ಕೇಸು ಬಂತು. ಸಾಕ್ಷಿ ಹೇಳಲು ನನಗೆ ಕಾಗದ ಬಂತು. ವಕೀಲಬಾಯಿ ನನ್ನ ಮನೆಗೆ ಬಂದಳು.

"ಖರೇ ಏನೈತೋ ಅದನ್ನ ಹೇಳತೀನಿ" ಎಂದೆ.

"ಹೇಳ್ರಿ ಅಜ್ಜಿ. ಆದ್ರ ಮೊದಲ ಹೇಳಿದ್ದು ಸುಳ್ಳು ಅಂತ ಆಗತೈತಿ. ಸುಳ್ಳು ಹೇಳಿಕಿ ಕೊಟ್ಟಾಳ ಅಂತ ನಿಮ್ಮನ್ನ ಒಳಗ ಹಾಕಬಹುದು. ನಾ ಮುಚ್ಚಿಡಾಂಗಿಲ್ಲ."

ನಾನು ಒಳಗೆ ಹೋದರೆ ನೆರಳು ನನ್ನ ಮಾಳಿಗೆಗೆ ಬರುತ್ತದೆ. ಅಂದು ಇಳಿಹೊತ್ತಿನಲ್ಲಿ ಹೆಂಗಸರೆಲ್ಲ ಮಾಳಿಗೆಯ ಮೇಲೆ ಸೇರಿದರು. ಯಾರೂ ನನ್ನನ್ನು ನೇರ ನೋಡಲಿಲ್ಲ. ಕೊನೆಗೆ ಗೌಸಬಿಯೇ ಬಾಯಿ ಬಿಟ್ಟಳು. ಆಕೆ ನನ್ನ ನಲವತ್ತು ವರ್ಷದ ಗೆಳತಿ, ಆಕೆಯ ಹಿರಿಮಗ ಒಳಗೆ ಹೋಗಿ ಆರು ವರ್ಷವಾಗಿದೆ.

"ಅಕ್ಕಾ, ಇರೂದೊಂದ ಬಿಸಿಲ. ನೀ ಹೋದ್ರ ಇದೂ ಹೋತು. ಇಷ್ಟ ಮನಿ ಕೂಸಗೋಳನ್ನ ಎಲ್ಲೆ ಮಲಗಸೂಣು?"

"ಪಾರವ್ವನ ಕೂಸ ಎಲ್ಲೆ ಮಲಗೇತಿ?" ಎಂದೆ.

ಆಕೆ ಪಾರವ್ವನ ಮನೆಯತ್ತ ಒಮ್ಮೆ ನೋಡಿದಳು. ಮತ್ತೆ, "ಒಂದ ಕೂಸಿನ ಸಲುವಾಗಿ ಮೂವತ್ತ ಕೂಸ..." ಎಂದು ಅರ್ಧಕ್ಕೇ ನಿಲ್ಲಿಸಿ, ತನ್ನ ಮಾತಿಗೆ ತಾನೇ ಹೇಸಿದವಳಂತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಒಬ್ಬನ ಬಿಡುಗಡೆಯೋ ಮೂವತ್ತು ಕೂಸುಗಳ ಬಿಸಿಲೋ ಎಂದು ಆರಿಸುವ ಕೆಲಸವನ್ನು ನಮ್ಮ ತಲೆಗೇ ಕಟ್ಟಿದ್ದಾರಲ್ಲ, ಅದಕ್ಕೆ ಬಂತು. ಕದ್ದವನು ಬಂಗಲೆಯಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದಾನೆ. ಅವನ ಓಣಿಯಲ್ಲಿ ಇಂಥ ಪಂಚಾಯ್ತಿ ಯಾರ ಮಾಳಿಗೆಯ ಮೇಲಾದರೂ ನಡೆದಿದೆಯೇ? ಅಲ್ಲಿ ಬಿಸಿಲನ್ನು ತಡೆಯಲು ಕಿಟಕಿಗೆ ಪರದೆ ಕಟ್ಟುತ್ತಾರೆ.

ಬೆಳಿಗ್ಗೆ ಕೋರ್ಟಿಗೆ ಹೊರಟೆ. ಗೌಸಬಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ರೊಟ್ಟಿಯ ಬುತ್ತಿ. "ಹೋಗಿ ಬಾ" ಎಂದಳು. "ಒಂದ ಮಾತ ಕೇಳ. ಖರೇ ಹೇಳುವಾಗ ಉಪ್ಪ ಖಾರಾ ಹಚ್ಚಬ್ಯಾಡ."

ಕೋರ್ಟು ಬಜಾರದ ಆಚೆ ಎತ್ತರದಲ್ಲಿದೆ. ಅದರ ಮುಂದೆ ಅಂಗಳ, ಅಬ್ಬಬ್ಬಾ, ನಮ್ಮ ಓಣಿಯಂಥ ಎಂಟು ಓಣಿಯನ್ನು ಮಡಚದೆ ಹಾಸಬಹುದು. ಕಲ್ಲು ಹಾಸಿದ ನೆಲ, ಒಂದು ಮರವಿಲ್ಲ, ಮೂಡಣದಿಂದ ಪಡುವಣದವರೆಗೆ ಬರೀ ಬಿಸಿಲು. ಯಾರಿಗೂ ಬೇಡದ ಬಿಸಿಲು ಅಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಒಂದು ಮೂಲೆಯಲ್ಲಿ ತಂತಿ ಕಟ್ಟಿ ವಕೀಲರು ಬೆವರಿದ ಕರಿ ಕೋಟುಗಳನ್ನು ಒಣಹಾಕಿದ್ದರು.

ಒಳಗೆ ಕಟಕಟೆಯಲ್ಲಿ ಯಮನೂರ ನಿಂತಿದ್ದ. ಸೊರಗಿ ಹಗ್ಗವಾಗಿದ್ದ. ಗೋಡೆಯ ಬಳಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಪಾರವ್ವ ಕೂತಿದ್ದಳು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದಳು. ಸಾವುಕಾರರ ಕಡೆಯ ವಕೀಲ ಎದ್ದ.

"ಎಷ್ಟು ಚೀಲ ಕಂಡ್ರಿ ಅಜ್ಜಿ?"

"ಚೀಲಾ ಇಲ್ಲ. ಟವಲಿನ್ಯಾಗ ಒಂದ ಗಂಟ. ಮೂರ ಸೇರ ಇರಬೇಕ. ಹೆಚ್ಚಂದ್ರ ಮೂರೂವರಿ. ನೆಲಾ ಗುಡಿಸಿದ್ದ ಕಾಳ, ಅರ್ಧ ಕಸಾ ಇತ್ತ."

"ಇಪ್ಪತ್ತು ಚೀಲ ಅಂತ ನೀವೇ ಸಹಿ ಮಾಡೀರಿ. ಈಗ್ಯಾರ ಕಲಿಸಿ ಕಳಿಸಿದ್ರು?"

ಮೇಲೆ ಕೂತ ಜಡ್ಜಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಹೇಳಮ್ಮ. ಆಗ ಸುಳ್ಳು ಹೇಳಿದೆಯೋ, ಈಗ ಹೇಳುತ್ತಿದ್ದೀಯೋ?"

ಸೆರಗು ಬಿಗಿದುಕೊಂಡು ಹೇಳಿದೆ. "ಸಾಹೇಬ್ರ, ನಾ ಯಾವಾಗಲೂ ಹಂಗ ಮಾತಾಡಾಕಿ. ಮಳಿ ಬಂದ್ರ ಊರ ತೇಲಿ ಹೋತು ಅಂತೀನಿ. ನನ್ನ ಗಂಡ ಸತ್ತಾಗ ಇಡೀ ಊರ ಬಂದ ಅತ್ತಿತು ಅಂತ ಮೂವತ್ತ ವರ್ಷ ಆತು ಹೇಳಕೋತ ಬಂದೀನಿ. ಯಾರೂ ಬಂದಿರಲಿಲ್ರಿ. ನೆರಳಿನ ಓಣಿ ಹೆಣಾ ಅಂತ ಹೊರಾಕೂ ಮಂದಿ ಸಿಗಲಿಲ್ಲ. ಅತ್ತಾಕಿ ನಾ ಒಬ್ಬಾಕೀನ. ಅದನ್ನೂ ಬರಕೊಳ್ರಿ."

ಬರೆಯುವವನ ಕೈ ನಿಂತಿತು. ಅಲ್ಲಿಗೇ ನಾನು ಬಾಯಿ ಮುಚ್ಚಬೇಕಿತ್ತು. ಗೌಸಬಿ ಹೇಳಿದ್ದಳಲ್ಲ. ಆದರೆ ಸಾವುಕಾರರ ವಕೀಲ ಹಲ್ಲು ಕಿಸಿದ. ಆ ಹಲ್ಲು ಕಂಡು ನನ್ನ ಮೈ ಉರಿದುಹೋಯಿತು.

"ಯಾಕ ನಗತೀರಿ? ಒಬ್ಬ ಮನಶಾ ಇಪ್ಪತ್ತ ಚೀಲಾ ತೆಲಿಮ್ಯಾಲ ಹೊತಗೊಂಡ ತುಂಬಿದ ಬಜಾರ ದಾಟಿ ಬಂದ, ಮುದುಕಿ ಒಬ್ಬಾಕಿ ಬಿಟ್ಟರ ಯಾರೂ ಕಾಣಲಿಲ್ಲ ಅಂದ್ರ ನಮ್ಮ ಓಣಿ ಕೂಸೂ ನಂಬೂದಿಲ್ಲ. ನೀವೆಲ್ಲಾ ಇಷ್ಟಿಷ್ಟ ದಪ್ಪ ಪುಸ್ತಕ ಓದೀರಿ, ಒಂದ ವರ್ಷ ನಂಬೀರಿ. ಲಾರಿ ಕಂಡವರ ಮಾತ ಒಂದ ದಿನಾ ನಂಬಲಿಲ್ಲ. ನಾ ಹೇಳಿದ್ದ ತಪ್ಪ ಖರೇ. ನಂಬಿದವರದ ಏನ?"

ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು. ಸಾಹೇಬರ ಮುಖ ಕೆಂಪಾಯಿತು. ಮೇಜು ಕುಟ್ಟಿದರು. ಮುದುಕಿಯ ವಯಸ್ಸು ನೋಡಿ ಸುಳ್ಳು ಸಾಕ್ಷಿಯ ಕೇಸು ಹಾಕುವುದಿಲ್ಲವೆಂದೂ, ಕೋರ್ಟಿಗೆ ಅಗೌರವ ತೋರಿದ್ದಕ್ಕೆ ಈ ದಿನ ಕೋರ್ಟು ಏಳುವ ತನಕ ಮೂಲೆಯಲ್ಲಿ ಕೂರುವ ಶಿಕ್ಷೆಯೆಂದೂ ಹೇಳಿದರು. ಒಬ್ಬ ಪೊಲೀಸು ಬಂದು ಕಿಟಕಿಯ ಪಕ್ಕದ ಬೆಂಚಿನಲ್ಲಿ ನನ್ನನ್ನು ಕೂರಿಸಿ ಕಾವಲು ನಿಂತ. ಯಾರೆಂದು ನೋಡಿದರೆ ಬಾಳಪ್ಪ. ನನ್ನ ಮುಖ ನೋಡಲಾರದೆ ಗೋಡೆಯ ಗಡಿಯಾರ ನೋಡುತ್ತ ನಿಂತ.

ಅರ್ಧ ದಿನದ ಶಿಕ್ಷೆಗೆ ಏನು ಮಹಾ ಎಂದುಕೊಂಡೆ. ಆದರೆ ನೆರಳಿಗೆ ಕಾಯ್ದೆಯ ಸೂಕ್ಷ್ಮ ಯಾರು ಹೇಳಬೇಕು? ಶಿಕ್ಷೆ ಎಂದ ಕೂಡಲೇ ಹೊರಟಿತಂತೆ. ಆಗ ಮಾಳಿಗೆಯಲ್ಲಿ ಕೂಸುಗಳು ಇನ್ನೂ ಇದ್ದವು, ಹಪ್ಪಳ ಅರೆಬರೆ ಒಣಗಿತ್ತು, ಮೆಣಸಿನಕಾಯಿ ಹರವಿತ್ತು. ನೋಡನೋಡುತ್ತ ಒಂದು ಮೂಲೆಯಿಂದ ಕಪ್ಪು ಏರಿ, ಎಣ್ಣೆ ಹಚ್ಚಿದ ಕೂಸುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವಂತೆ. ಓಣಿಯಲ್ಲಿ ಐವತ್ತಮೂರಕ್ಕೆ ಐವತ್ತಮೂರೂ ಮುಗಿದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರಂತೆ. ಆಮೇಲೆ ಗೌಸಬಿ ಎದ್ದು ಸೀರೆ ಸಿಗಿಸಿಕೊಂಡಳಂತೆ. "ಏಳ್ರೆ. ಬಿಸಿಲ ಎಲ್ಲೈತಿ ನನಗ ಗೊತ್ತೈತಿ. ಮಗನ ತಾರೀಕಿಗಂತ ಆರ ವರ್ಷ ಆ ಅಂಗಳದಾಗ ಸುಟಗೊಂಡ ನಿಂತೀನಿ."

ನಾನು ಕಿಟಕಿಯಿಂದ ಕಂಡದ್ದು ಇದು. ಬಜಾರದ ಕಡೆಯಿಂದ ಹೆಂಗಸರ ಸಾಲು. ತಲೆಯ ಮೇಲೆ ಹಪ್ಪಳದ ಚಾಪೆ, ಮೆಣಸಿನಕಾಯಿಯ ಬುಟ್ಟಿ, ಒದ್ದೆ ಬಟ್ಟೆಯ ಗಂಟು, ಕಂಕುಳಲ್ಲಿ ಕೂಸು. ಸಾವಿರ ಜನ ಎನ್ನುತ್ತಿದ್ದೆ ಮೊದಲಾಗಿದ್ದರೆ. ನಲವತ್ತೊಂದು ಜನ. ಎಣಿಸಿದೆ, ಬೇರೇನು ಕೆಲಸವಿತ್ತು ನನಗೆ. ಅಂಗಳಕ್ಕೆ ನುಗ್ಗಿ, ಸೀರೆ ಹಾಸಿ, ಒಂದು ಮಾತಾಡದೆ ಹರವತೊಡಗಿದರು. ಕೋರ್ಟಿನ ಜವಾನ ಓಡಿಬಂದ.

"ಏಯ್, ಏಯ್! ಇಲ್ಲೆ ಒಣಗಸಾಂಗಿಲ್ಲ! ಇದ ಕೋರ್ಟ!"

ಗೌಸಬಿ ಬಗ್ಗಿ ಹಪ್ಪಳ ಇಡುತ್ತಲೇ ತಂತಿಯ ಕಡೆ ಬೆರಳು ಮಾಡಿದಳು. "ಅಲ್ಲೆ ಕೋಟ ಯಾರದವು?"

"ವಕೀಲಸಾಹೇಬ್ರದ."

"ಕರೀ ಕೋಟ ಒಣಗಸಬಹುದು, ಕೂಸಗೋಳನ್ನ ಬಿಸಿಲಿಗೆ ಹಾಕಬಾರದು. ಹೌದಿಲ್ಲೋ? ಹೋಗ, ಒಳಗ ಕೇಳಕೊಂಡ ಬಾ, ಯಾವ ಕಾಯದೆದಾಗ ಬರದೈತಿ ಅಂತ."

ಅವನು ಒಳಗೆ ಬಂದ. ಯಾರನ್ನು ಕೇಳಬೇಕೋ ತಿಳಿಯದೆ ನನ್ನ ಪಕ್ಕದ ಬಾಳಪ್ಪನನ್ನೇ ನೋಡಿದ. ಬಾಳಪ್ಪ ಗಡಿಯಾರ ನೋಡಿದ. ನಾನು, "ಹವಾಲ್ದಾರ್ರ, ಹಪ್ಪಳ ಒಣಗ್ಯಾವೇನ ಅಂತ ಹೋಗಿ ನೋಡ್ರಿ" ಎಂದೆ. ಅವನು ಟೋಪಿ ತೆಗೆದು ಗಾಳಿ ಹಾಕಿಕೊಂಡ.

ಮಧ್ಯಾಹ್ನದ ಮೇಲೆ ಯಮನೂರನ ವಿಷಯ ಹೇಳಿದರು. ಇಪ್ಪತ್ತು ಚೀಲದ ಮಾತು ಬಿದ್ದುಹೋಯಿತು. ವಕೀಲಬಾಯಿ ಹಿಗ್ಗಿ ಎದ್ದು ನಿಂತಳು. ಆದರೆ ಮೂರು ಸೇರು ತಂದದ್ದು ಖರೆಯಾಯಿತಲ್ಲ, ಅದು ಯಾರ ಕಾಳು, ಗುಡಿಸಿದ ಕಾಳು ಗುಡಿಸಿದವನಿಗೆ ಎಂಬ ರೂಢಿ ಎಲ್ಲಿ ಬರೆದಿದೆ, ಅದಕ್ಕೆ ಸಾವುಕಾರರೇ ಬಂದು ಹೇಳಬೇಕು, ಸಾವುಕಾರರಿಗೆ ಮೈ ಸರಿಯಿಲ್ಲ, ಮುಂದಿನ ತಿಂಗಳು ತಾರೀಕು. ಅಷ್ಟೇ. ಇಪ್ಪತ್ತು ಚೀಲ ನುಂಗಿದವನಿಗೆ ಒಂದು ಮುಂಜಾನೆ. ಮೂರು ಸೇರು ಗುಡಿಸಿದವನಿಗೆ ಒಂದು ವರ್ಷ, ಅದರ ಮೇಲೆ ಇನ್ನೊಂದು ತಿಂಗಳು. ನನಗೆ ಓದು ಬಾರದು, ಓದಿದವರು ಯಾರಾದರೂ ಇದನ್ನು ಬಿಡಿಸಿ ಹೇಳಲಿ. ಯಮನೂರನನ್ನು ಮತ್ತೆ ಕರೆದೊಯ್ದರು. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಆಯಿ, ಕೂಸಿನ ಕಡೆ ಲಕ್ಷ್ಯ ಇರಲಿ" ಎಂದ. ನನ್ನನ್ನೇ ಕೇಳಿದ ನೋಡಿ, ನನ್ನನ್ನೇ.

ಐದಕ್ಕೆ ಕೋರ್ಟು ಎದ್ದಿತು. ಸಾಹೇಬರು ಮೆಟ್ಟಿಲಿಗೆ ಬಂದು ನಿಂತುಬಿಟ್ಟರು. ಕಾರಿನ ತನಕ ಕಾಲಿಡಲು ಜಾಗವಿಲ್ಲ, ಬರೀ ಹಪ್ಪಳ, ಮೆಣಸಿನಕಾಯಿ, ಲಂಗ, ಕೂಸು. ಯಾರೂ ಸರಿಯಲಿಲ್ಲ, ಯಾರೂ ಮೇಲೇಳಲಿಲ್ಲ. ಅವರು ಪಂಚೆಯ ಹಾಗೆ ಪ್ಯಾಂಟು ಎತ್ತಿಕೊಂಡು, ತುದಿಗಾಲಲ್ಲಿ, ಹಪ್ಪಳದ ನಡುವೆ ದಾರಿ ಹುಡುಕುತ್ತ ಹೋದರು. ಒಂದನ್ನೂ ತುಳಿಯಲಿಲ್ಲ. ಅಷ್ಟು ನಾನು ಹೇಳಬೇಕು.

ನನ್ನ ಶಿಕ್ಷೆ ಮುಗಿದಾಗಲೇ ನನ್ನ ಮಾಳಿಗೆಯ ನೆರಳೂ ಎದ್ದು ಹೋಗಿತ್ತು. ಆದರೆ ಮರುದಿನ ಬೆಳಿಗ್ಗೆ ನನ್ನ ಏಣಿ ಹತ್ತಿ ಯಾರೂ ಬರಲಿಲ್ಲ. ಎಲ್ಲರೂ ಓಣಿಯ ಬಾಯಲ್ಲಿ ಬುಟ್ಟಿ ಹೊತ್ತು ನಿಂತಿದ್ದರು. "ಬಾ ಬೇ ಅಕ್ಕಾ" ಎಂದು ಗೌಸಬಿ ಕೂಗಿದಳು, "ನಿನ್ನ ಮಾಳಿಗಿ ಸಣ್ಣದಾ ಆತು ನಮಗ. ಯಮನೂರ ಬರೂ ತನಕ ಅಲ್ಲೇ. ಅಂವ ಬಂದ ಮ್ಯಾಲ ನನ್ನ ಮಗನ ಸಲುವಾಗಿ." ಬಜಾರದಲ್ಲಿ ಹಾದುಹೋಗುವಾಗ ಒಬ್ಬ ಅಂಗಡಿಯವನು ಚೊಂಬು ಹಿಡಿದು ಹೊರಗೆ ಬಂದ. ನಾನೂ ಪಾರವ್ವನೂ ಸೇರಿ ನಲವತ್ತಮೂರು ಹೆಂಗಸರು ನಿಂತು ಅವನನ್ನು ನೋಡಿದೆವು. ಅವನು ಆ ನೀರನ್ನು ತಾನೇ ಕುಡಿದ.

ಸಾಲಿನ ಕೊನೆಯಲ್ಲಿ ಪಾರವ್ವ ಇದ್ದಳು. ನನ್ನ ಬಿಸಿಲು ಬೇಡ ಎಂದವಳು, ಇದು ನನ್ನದಲ್ಲವಲ್ಲ. ಕೋರ್ಟಿನ ಅಂಗಳದಲ್ಲಿ ಸೀರೆ ಹಾಸಿ ಕೂಸಿಗೆ ಎಣ್ಣೆ ಹಚ್ಚಿ ಕೂರಿಸಿದಳು. ಕೂಸು ಕಣ್ಣು ಕಿರಿದು ಮಾಡಿ ಅಳಲು ಬಾಯಿ ತೆರೆದದ್ದು, ಹಾಗೇ ಬಾಯಿ ತೆರೆದುಕೊಂಡು ನೆಲ ನೋಡಿತು. ತನ್ನ ಬುಡದಲ್ಲಿ ಏನೋ ಕಪ್ಪಗೆ ಕೂತಿದೆ. ಕೈ ಎತ್ತಿದರೆ ಅದೂ ಎತ್ತುತ್ತದೆ. ನೆರಳಿನಲ್ಲೇ ಹುಟ್ಟಿ ಬೆಳೆದ ಕೂಸು ತನ್ನ ನೆರಳನ್ನು ಕಂಡಿರಲಿಲ್ಲ. ಎರಡೂ ಕೈಯಿಂದ ಬಡಿಯಿತು. ಹೋಗಲಿಲ್ಲ. ಚಿವುಟಿ ಎತ್ತಲು ನೋಡಿತು. ಬರಲಿಲ್ಲ. ಆಮೇಲೆ ನಕ್ಕಿತು.

ನಾನು ದೂರದಲ್ಲಿ ಕೂತಿದ್ದೆ. ಪಾರವ್ವ ನನ್ನ ಕಡೆ ನೋಡದೆಯೇ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಮಾತಾಡಿದಳು.

"ಆಯಿ, ಯಮನೂರಗ ಚೀಟಿ ಬರಸಬೇಕ. ಕೂಸಿನ ನೆರಳ ಎಷ್ಟೈತಿ, ಹೇಳ. ನಿನ್ನ ಲೆಕ್ಕ ಬ್ಯಾಡ. ಖರೇ ಲೆಕ್ಕ."

ಗುಡ್ಡದಷ್ಟು ಎನ್ನಲು ನಾಲಿಗೆ ತುರಿಸಿತು. ಹತ್ತಿರ ಹೋಗಿ, ಬಗ್ಗಿ, ಕೈ ಅಗಲಿಸಿ ಕಲ್ಲಿನ ಮೇಲೆ ಊರಿ ಅಳೆದೆ.

ಒಂದು ಗೇಣು, ಎರಡು ಬೆರಳು.